ಗದಗದ ಬೋರ್ಡಿನಿಂದ ರಾಮದುರ್ಗದ ಬೋರ್ಡಿನವರೆಗೆ: ಮನೆಯಲ್ಲೇ ಓದು ಕಲಿಸಿದ ಅನುಭವ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಐದು ತುಂಬಿದ ಹುಡುಗಿ ಈಗ ಕನ್ನಡವನ್ನು ತಾನಾಗಿ ಓದುತ್ತಾಳೆ. ಕಳೆದ ಮುಂಗಾರಿನ ಹೊತ್ತಿಗೆ ಅವಳಿಗೆ ಅ ದಿಂದ ಳ ವರೆಗೆ 49 ಅಕ್ಷರವೂ ಬಾಯಿಪಾಠವಿತ್ತು. ಆದರೆ ಗೋಡೆಯ ಚಾರ್ಟಿನ ನಡುವೆ ಎಲ್ಲಾದರೂ ಬೆರಳಿಟ್ಟು "ಇದ್ಯಾವ್ದು ಹೇಳವಾ" ಅಂದರೆ, ಸಾಲಿನ ಮೊದಲಿಂದ ಹಾಡಿಕೊಂಡು ಬಂದೇ ಉತ್ತರ ಹೇಳಬೇಕಿತ್ತು. ನಮ್ಮ ಕಡೆ ಬಹಳ ಮನೆಗಳಲ್ಲಿ ಮಕ್ಕಳು ಇಲ್ಲಿಯೇ ನಿಂತಿರುತ್ತಾರೆ. ಹೆತ್ತವರು ಮಗುವಿಗೆ ತಲೆಗೆ ಹತ್ತುವುದಿಲ್ಲ ಎಂದು ಕೊರಗುತ್ತಾರೆ, ಇಲ್ಲವೇ ಟ್ಯೂಷನ್ ಹುಡುಕಲು ಹೊರಡುತ್ತಾರೆ. ಕಲಿಸುವ ಕ್ರಮ ಬದಲಿಸಿದರೆ ಬಹಳಷ್ಟು ಮಕ್ಕಳು ಇಲ್ಲಿಂದ ಮುಂದೆ ನಡೆಯುತ್ತಾರೆ. ಯುಗಾದಿಯವರೆಗೆ ನಡೆದ ದಾರಿಯನ್ನು, ಎಲ್ಲಿ ಏನು ಅಡ್ಡ ಬಂತು, ಯಾಕೆ ಬಂತು, ಎಷ್ಟು ಖರ್ಚಾಯಿತು ಎಂಬುದರ ಸಮೇತ ಇಲ್ಲಿ ಬರೆದಿದ್ದೇನೆ.

ಅಕ್ಷರಕ್ಕೆ ಕೈಹಾಕುವ ಮೊದಲು ಮಗುವಿನ ಕಿವಿ, ಕಣ್ಣು ತೋರಿಸಿಕೊಂಡು ಬನ್ನಿ. ಈ ಕಲಿಕೆ ಪೂರ್ತಿ ಧ್ವನಿಯ ಮೇಲೆ ನಿಂತದ್ದು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದ್ದರೆ ಅಥವಾ ಪದೇಪದೇ ನೆಗಡಿಯಾಗಿ ಕಿವಿಯೊಳಗೆ ನೀರು ಕಟ್ಟಿದ್ದರೆ ಪ-ಬ, ತ-ದ, ಸ-ಶ ಇವು ಬೇರೆಬೇರೆ ಎಂದು ಮಗುವಿಗೆ ಕೇಳಿಸುವುದೇ ಇಲ್ಲ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೇ ಬಂದು ಪುಕ್ಕಟೆಯಾಗಿ ನೋಡುತ್ತದೆ. ಉಳಿದವರು ತಾವೇ ಆಸ್ಪತ್ರೆಗೆ ಹೋಗಿ ಪಾಳಿ ಹಚ್ಚಬೇಕು. ಕಿವಿಗೊಂದು ಪಾಳಿ, ಕಣ್ಣಿಗೊಂದು ಪಾಳಿ, ಅರ್ಧ ದಿನ ಹಿಡಿಯುತ್ತದೆಂದೇ ಲೆಕ್ಕ ಹಾಕಿ ಬುತ್ತಿ ಕಟ್ಟಿಕೊಂಡು ಹೋಗಿ. ನೆಗಡಿ ಇರುವಾಗ ಹೋದರೆ ಕಿವಿಯ ಪರೀಕ್ಷೆ ಸರಿಯಾಗಿ ಆಗುವುದಿಲ್ಲ, ಮತ್ತೆ ಬರಬೇಕಾಗುತ್ತದೆ.

ಇದೇ ಓಡಾಟದಲ್ಲಿ ಮಗುವಿನ ಕಾಗದಪತ್ರಗಳನ್ನೂ ತೆರೆದು ನೋಡಿ. ಓದು ಶುರುವಾದ ಮಗು ಎಲ್ಲಕ್ಕಿಂತ ಮೊದಲು ಓದಲು ಹಂಬಲಿಸುವುದು ತನ್ನ ಹೆಸರನ್ನು. ಜನನ ಪ್ರಮಾಣಪತ್ರದಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇದ್ದರೆ ಮಗು "ಯಾವ್ದು ಖರೇ?" ಎಂದು ಕೇಳುತ್ತದೆ. ಇಂಗ್ಲಿಷ್ ಹೆಸರಿನಿಂದ ಕಂಪ್ಯೂಟರ್ ತಾನೇ ಹಾಕಿದ ಕನ್ನಡದಲ್ಲಿ ಹ್ರಸ್ವ-ದೀರ್ಘ, ಲ-ಳ ಅದಲುಬದಲಾಗುವುದು ಸಾಮಾನ್ಯ. ಐದು ತುಂಬಿದ ಮೇಲೆ ಆಧಾರಿಗೆ ಮಗುವಿನ ಬೆರಳಚ್ಚು ಕೊಡುವುದು ಹೇಗೂ ಕಡ್ಡಾಯ. 5ರಿಂದ 7ರೊಳಗೆ ಮಾಡಿಸಿದರೆ ಅದಕ್ಕೆ ಹಣವಿಲ್ಲ. ಜನನ ಪ್ರಮಾಣಪತ್ರದ ಮೂಲಪ್ರತಿ ಒಯ್ದು ಅದೇ ಹೊತ್ತಿಗೆ ಕನ್ನಡದ ಹೆಸರನ್ನೂ ತಿದ್ದಿಸಿಕೊಂಡು ಬನ್ನಿ.

ಮನೆಯಲ್ಲಿ ಮಾಡಿದ ಮೊದಲ ಕೆಲಸ ಚಾರ್ಟನ್ನು ಗೋಡೆಯಿಂದ ಇಳಿಸಿದ್ದು. ನಾಗರ ಪಂಚಮಿಯವರೆಗೆ ಅಕ್ಷರ ತೋರಿಸಲೇ ಇಲ್ಲ. ಆ ಇಡೀ ಅವಧಿ ಕಿವಿಗೆ ಮೀಸಲು. ಅಜ್ಜ-ಅಜ್ಜಿಯರಿಗೆ ಇದು ಕಾಲಹರಣವೆಂದೇ ಕಾಣುತ್ತದೆ, "ಇನ್ನೂ ಪಾಟಿ ಹಿಡಿಸಿಲ್ಲೇನು?" ಎಂಬ ಮಾತು ಕೇಳಬೇಕಾಗುತ್ತದೆ. ತಡೆದುಕೊಳ್ಳಿ. ಈ ಹಂತ ಗಟ್ಟಿಯಾದಷ್ಟೂ ಮುಂದಿನ ಹಂತಗಳು ಬೇಗ ಮುಗಿಯುತ್ತವೆ.

ಇದಕ್ಕೆ ರೊಟ್ಟಿ ಬಡಿಯುವ ಹೊತ್ತಿಗಿಂತ ಒಳ್ಳೆಯ ಹೊತ್ತಿಲ್ಲ. ಒಂದು ಬಡಿತಕ್ಕೆ ಒಂದು ಅಕ್ಷರ. ರೊ-ಟ್ಟಿ, ಎರಡು ಬಡಿತ. ಪ-ಲ್ಯ, ಎರಡು. ಬ-ದ-ನಿ-ಕಾ-ಯಿ, ಐದು. ದೊಡ್ಡವರು ದೊಡ್ಡ ರೊಟ್ಟಿ ಬಡಿಯುತ್ತಾರೆ, ಮಗು ಪಕ್ಕದಲ್ಲಿ ಕುಳಿತು ತನ್ನ ಅಂಗೈಯಗಲದ ಹಿಟ್ಟನ್ನು ಬಡಿಯುತ್ತದೆ. "ಇದರಾಗ ಎಷ್ಟ್ ಬಡಿತ ಅದಾವು, ಹೇಳ ನೋಡೂಣು" ಎಂದು ಕೇಳುತ್ತ ಹೋದರಾಯಿತು. ನಾಲ್ಕು ರೊಟ್ಟಿ ಬೇಯುವಷ್ಟು ಹೊತ್ತು ಸಾಕು. ಅದಕ್ಕಿಂತ ಎಳೆದರೆ ಮಗು ಹಿಟ್ಟಿನ ಜತೆ ಆಟ ಶುರು ಮಾಡುತ್ತದೆ.

ಬಡಿತ ಕುದುರಿದ ಮೇಲೆ ಪ್ರಾಸ: ಕಣ್ಣ, ಹಣ್ಣ, ಮಣ್ಣ, ಸಣ್ಣ. ಇಲ್ಲಿ ಬಹಳ ಮಕ್ಕಳು ಒಂದೇ ಕಡೆ ಜಾರುತ್ತಾರೆ. "ಹಾಲಿಗೆ ಜೋಡಿ ಹೇಳು" ಅಂದರೆ "ಚಾ" ಅನ್ನುತ್ತಾರೆ. ಅವರು ಹುಡುಕುವುದು ಅರ್ಥದ ಜೋಡಿಯನ್ನು. ಗದರಿಸಬೇಡಿ, ಅರ್ಥವಿಲ್ಲದ ಶಬ್ದಗಳನ್ನು ನಡುವೆ ಸೇರಿಸಿ: ಹಾಲ, ಬಾಲ, ಕಾಲ, ಟಾಲ, ಝಾಲ. ಅರ್ಥಕ್ಕೆ ಹಿಡಿಯಲು ಏನೂ ಸಿಗದಿದ್ದಾಗ ಕಿವಿ ತಾನಾಗಿ ಧ್ವನಿಯ ಕಡೆ ತಿರುಗುತ್ತದೆ. ಆಮೇಲೆ ಮೊದಲ ಧ್ವನಿಯ ಬೇಟೆ. "ಮನಿಯಾಗ ಬ ದಿಂದ ಶುರುವಾಗೋ ಸಾಮಾನು ಯಾವ್ಯಾವು?" ಬಕೆಟ್, ಬಟ್ಟಲ, ಬಳಿ, ಬನಿಯನ್. ಅದಾದ ಮೇಲೆ ಕಳೆಯುವ ಆಟ: "ನಗರದಾಗ ನ ತಗದ್ರ ಏನುಳಿತು?" ಗರ. ಕೊನೆಗೆ ಕೂಡಿಸುವ ಆಟ, ಇದೇ ಪರೀಕ್ಷೆಯೂ ಹೌದು. ದೊಡ್ಡವರು "ನ... ಗ... ರ" ಎಂದು ಬಿಡಿಬಿಡಿಯಾಗಿ ಹೇಳಬೇಕು, ಮಗು "ನಗರ" ಎಂದು ಕೂಡಿಸಬೇಕು. ಮೂರು ಅಕ್ಷರದ ಶಬ್ದಗಳನ್ನು ಹೀಗೆ ಸಲೀಸಾಗಿ ಕೂಡಿಸತೊಡಗಿದರೆ ಅಕ್ಷರ ತೋರಿಸಲು ಅಡ್ಡಿಯಿಲ್ಲ. ಕಿವಿಯಲ್ಲಿ ಕೂಡಿಸಲು ಬಾರದ ಮಗುವಿಗೆ ಕಣ್ಣಿನಲ್ಲಿ ಕೂಡಿಸಲು ಖಂಡಿತ ಬಾರದು.

ಅಕ್ಷರ ಯಾವ ಕ್ರಮದಲ್ಲಿ? ಅ ಆ ಇ ಈ ಕ್ರಮ ನಿಘಂಟು ನೋಡಲು ಬೇಕು, ಓದು ಶುರು ಮಾಡಲು ಬೇಡ. ಸ್ವರಗಳನ್ನಷ್ಟೇ ಕಲಿತ ಮಗು ಅವುಗಳಿಂದ ಒಂದೂ ಉಪಯೋಗದ ಶಬ್ದ ಕಟ್ಟಲಾರದು. ಮೇಲಾಗಿ ಅ-ಆ, ಉ-ಊ, ಎ-ಏ ಹೀಗೆ ಒಂದೇ ಥರ ಕಾಣುವ ಜೋಡಿಗಳು ಮೊದಲ ವಾರದಲ್ಲೇ ಎದುರಾಗುತ್ತವೆ, ಅಪರೂಪದ ಋ ಕೂಡ ಆಗಲೇ ಬಂದುಬಿಡುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಅಕ್ಷರಗಳು ರ ಗ ಸ ದ ಅ ಎಂದು ಶುರುವಾಗುತ್ತವೆ, ಆಮೇಲೆ ಜ ವ ಮ ಬ ನ. ನಾವೂ ಅದನ್ನೇ ಹಿಡಿದೆವು. ಈ ಮೊದಲ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಆಗುತ್ತವೆ. ಕಲಿತ ವಾರವೇ ಮಗು ನಿಜವಾದ ಶಬ್ದ ಓದುತ್ತದೆ.

ಕಾರ್ಡಿಗೆ ಅಂಗಡಿಗೆ ಹೋಗಬೇಡಿ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ, ಕಾಗದವೂ ದಪ್ಪ. ಮೂರು ಇಂಚಿನ ಚೌಕ ಕತ್ತರಿಸಿ, ಕಪ್ಪು ಮಾರ್ಕರಿನಲ್ಲಿ ಎರಡಿಂಚು ಎತ್ತರದ ಅಕ್ಷರ ಬರೆಯಿರಿ. ಗರಗಸಕ್ಕೆ ಎರಡು ಗ ಬೇಕು, ಆದ್ದರಿಂದ ಪ್ರತಿ ಅಕ್ಷರಕ್ಕೂ ಎರಡೆರಡು ಕಾರ್ಡ್. ಚಿತ್ರ ಮಾತ್ರ ಬೇಡ. ಪೆಟ್ಟಿಗೆಯಲ್ಲಿ ಬರುವ ಅಚ್ಚಿನ ಕಾರ್ಡುಗಳ ದೊಡ್ಡ ದೋಷ ಇದೇ: ಗ ದ ಪಕ್ಕ ಗಡಿಯಾರವಿದ್ದರೆ ಮಗು ಗಡಿಯಾರ ನೋಡಿ ಗ ಅನ್ನುತ್ತದೆ, ಅಕ್ಷರದ ಮೇಲೆ ಕಣ್ಣೇ ಬೀಳುವುದಿಲ್ಲ.

ಬರೆಯುವ ಅಭ್ಯಾಸಕ್ಕೆ ಪರಾತದಲ್ಲಿ ಕಾಲು ಕಿಲೋ ರವೆ ಹರಡಿದರೆ ಸಾಕು. ತಳ ಅರೆಬರೆ ಕಾಣುವಷ್ಟು ತೆಳ್ಳಗಿರಬೇಕು, ದಪ್ಪವಾದರೆ ಗೆರೆ ಮುಚ್ಚಿಕೊಳ್ಳುತ್ತದೆ. ಜೋಳದ ಹಿಟ್ಟು ಮಳೆಗಾಲದಲ್ಲಿ ಬೆರಳಿಗೆ ಅಂಟುತ್ತದೆ, ರವೆ ಅಂಟುವುದಿಲ್ಲ. ಬೆರಳು ಸಾಗುವಷ್ಟೂ ಹೊತ್ತು ಮಗು ಆ ಧ್ವನಿಯನ್ನು ಬಾಯಲ್ಲಿ ಹೇಳುತ್ತಿರಬೇಕು. ಬಾಯಿ ಮುಚ್ಚಿಕೊಂಡು ತಿದ್ದಿದ ಅಕ್ಷರ ಬರೀ ಚಿತ್ರವಾಗಿ ಉಳಿಯುತ್ತದೆ.

ಕಾರ್ಡು ಜೋಡಿಸಿ ಓದಿಸುವಾಗ ಎಲ್ಲರಿಗೂ ಎದುರಾಗುವ ಅಡ್ಡಿ ಒಂದಿದೆ. ಮಗು "ಸ... ರ..." ಎಂದು ಸರಿಯಾಗಿಯೇ ಹೇಳಿ, ಕೊನೆಗೆ ನಿಮ್ಮ ಮುಖ ನೋಡುತ್ತದೆ. ಅಕ್ಷರಗಳ ನಡುವಿನ ಅಂತರ ಹೆಚ್ಚಾಗಿ, ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಇದಕ್ಕೆ ಕಾರ್ಡುಗಳನ್ನು ಒಂದು ಗೇಣು ದೂರ ಇಟ್ಟು ಓದಿಸಿ, ಅರ್ಧ ಗೇಣಿಗೆ ತಂದು ಮತ್ತೆ ಓದಿಸಿ, ಕೊನೆಗೆ ಅಂಚಿಗೆ ಅಂಚು ತಾಗಿಸಿ ಓದಿಸಿ. ಕಾರ್ಡು ಹತ್ತಿರ ಬಂದಂತೆ ದನಿಯೂ ಹತ್ತಿರ ಬರುತ್ತದೆ. ಮೊದಲ ಧ್ವನಿಯನ್ನು ನಿಲ್ಲಿಸದೆ ಎಳೆದು ಹೇಳುವುದನ್ನೂ ತೋರಿಸಿಕೊಡಿ. ಸ, ರ, ನ, ಮ ಸುಲಭವಾಗಿ ಎಳೆಯಬಹುದಾದ ಧ್ವನಿಗಳು, ಹಾಗಾಗಿ ಸರ, ರಸದಂಥ ಶಬ್ದಗಳಿಂದ ಶುರು ಮಾಡಿ. ಗ, ದ ದಿಂದ ಶುರುವಾಗುವವು ಆಮೇಲೆ.

ಈ ಐದು ಅಕ್ಷರ ಗಟ್ಟಿಯಾದ ವಾರ ಮಗುವನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ಯಿರಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪುಸ್ತಕ ಬೇರೆ ಬೇಕಿಲ್ಲ. ಸಾಲಾಗಿ ನಿಂತ ಬಸ್ಸುಗಳಲ್ಲಿ ಎರಡೇ ಅಕ್ಷರ ಬಲ್ಲ ಮಗುವೂ ಓದಬಹುದಾದ ಬೋರ್ಡು ಒಂದಿದೆ: ಗದಗ. ಇಳಿಯಿಲ್ಲ, ಕೊಂಬಿಲ್ಲ, ಒತ್ತಿಲ್ಲ. ನಮ್ಮ ಹುಡುಗಿ ಕಂಬಿ ಹಿಡಿದು ನಿಂತು, ತುಟಿಯಲ್ಲೇ ಎರಡು ಸಲ ಕೂಡಿಸಿ, "ಗದಗ! ಇದು ಗದಗಕ್ಕ ಹೊಂಟೈತಿ!" ಎಂದು ಕೂಗಿದಾಗ ಕಂಡಕ್ಟರ್ "ಹೌದವಾ, ಹತ್ತತೀಯೇನು?" ಎಂದು ಕೇಳಿದರು. ತಾನು ಓದಿದ್ದನ್ನು ಹೊರಗಿನವರೊಬ್ಬರು ನಿಜವೆಂದು ಒಪ್ಪಿದ್ದು ಮಗುವಿಗೆ ಎಷ್ಟು ದೊಡ್ಡದೆಂಬುದು ಆ ಮುಖ ನೋಡಿದವರಿಗೇ ಗೊತ್ತು. ಒಂದು ಎಚ್ಚರಿಕೆ: ಬಣ್ಣದಲ್ಲಿ ಬರೆದ ತಗಡಿನ ಬೋರ್ಡು ಇರುವ ಬಸ್ಸನ್ನೇ ಆರಿಸಿ. ಓಡುವ ಎಲ್‌ಇಡಿ ಬೋರ್ಡಿನಲ್ಲಿ ಅಕ್ಷರ ಚುಕ್ಕಿಚುಕ್ಕಿಯಾಗಿರುತ್ತದೆ, ಮಗು ಮೊದಲನೆಯದನ್ನು ಹಿಡಿಯುವಷ್ಟರಲ್ಲಿ ಸರಿದುಹೋಗಿರುತ್ತದೆ.

ಎರಡನೆಯ ಐದು ಅಕ್ಷರ ಸೇರಿದರೆ ಶಬ್ದಗಳ ಬಾಗಿಲೇ ತೆರೆಯುತ್ತದೆ: ಮರ, ಮಗ, ಜನ, ದನ, ವನ, ಗಜ, ಬಸವ, ನಗರ. ವಾಕ್ಯವೂ ಆಗುತ್ತದೆ: ಅರಸನ ಮಗ ಬಸವ. ಈ ಹಂತದಲ್ಲಿ ಚೌಕಾಬಾರಾ ಬಹಳ ಉಪಯೋಗಕ್ಕೆ ಬಂತು. ಐದು ಸಾಲು ಐದು ಕಂಬದ ಮನೆಯಲ್ಲಿ ಕಟ್ಟೆಗಳು ಐದು, ಉಳಿದ 20 ಮನೆಗಳಲ್ಲಿ ಹತ್ತೂ ಅಕ್ಷರಗಳನ್ನು ಎರಡೆರಡು ಸಲ ಚಾಕಿನಿಂದ ಬರೆಯಿರಿ. ಕವಡೆ ಬಿದ್ದಷ್ಟು ನಡೆದು ನಿಂತ ಮನೆಯ ಅಕ್ಷರ ಓದಬೇಕು, ಆ ಅಕ್ಷರದಿಂದ ಒಂದು ಶಬ್ದವನ್ನೂ ಹೇಳಬೇಕು. ದೊಡ್ಡವರಿಗೂ ಅದೇ ನಿಯಮ. ಕಣ್ಣಿಗೆ ಗೊಂದಲವಾಗುವ ಜೋಡಿಗಳು ಈ ಆಟದಲ್ಲಿ ಬೇಗ ಗೊತ್ತಾಗುತ್ತವೆ: ನ-ಸ, ವ-ಮ, ಮುಂದೆ ಪ-ಷ, ಬ-ಒ, ತ-ಶ. ಇಂಥ ಜೋಡಿಯಲ್ಲಿ ಎರಡನೆಯದನ್ನು ಮೊದಲನೆಯದು ಪೂರ್ತಿ ಗಟ್ಟಿಯಾದ ಮೇಲೆಯೇ ತೋರಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ವಿವರಿಸಲು ಹೋದರೆ ಗೊಂದಲ ಇನ್ನೂ ಗಟ್ಟಿಯಾಗುತ್ತದೆ.

ದಸರೆಯ ಹೊತ್ತಿಗೆ ಕಾಗುಣಿತ. ಹೆತ್ತವರು ಹೆದರುವುದು ಇಲ್ಲಿಯೇ, ಮಕ್ಕಳು ಹಿಂದೆ ಬೀಳುವುದೂ ಇಲ್ಲಿಯೇ. 34 ವ್ಯಂಜನಕ್ಕೆ 13 ಸ್ವರ ಕೂಡಿಸಿದರೆ 442 ರೂಪ. ಬಳ್ಳಿ ಬಳ್ಳಿಯಾಗಿ ಬರೆಯಿಸುತ್ತ ಹೋದರೆ ಮಗು 442 ಬೇರೆಬೇರೆ ಚಿತ್ರ ಕಲಿಯುತ್ತಿದ್ದೇನೆ ಎಂದುಕೊಳ್ಳುತ್ತದೆ. ನಿಜವಾಗಿ ಕಲಿಯಬೇಕಾದದ್ದು 34 ಮೈ, 13 ಗುರುತು, ಒಟ್ಟು 47.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಲು ಝೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತನ್ನಿ. ಹೊಸ ಕಾರ್ಡುಗಳಲ್ಲಿ ಗ, ರ, ಸ, ದ, ನ, ಕ ಇವನ್ನು ತಲೆಕಟ್ಟಿಲ್ಲದೆ ಬರೆಯಿರಿ. ಕಾರ್ಡಿನ ಅಳತೆಗೇ ಪ್ಲಾಸ್ಟಿಕ್ ಕತ್ತರಿಸಿ ಒಂದರ ಮೇಲೆ ಕೆಂಪು ಪರ್ಮನೆಂಟ್ ಮಾರ್ಕರಿನಲ್ಲಿ ತಲೆಕಟ್ಟು, ಇನ್ನೊಂದರ ಮೇಲೆ ಇಳಿ, ಮತ್ತೊಂದರ ಮೇಲೆ ಗುಡಿಸು, ಹೀಗೆ ಬರೆಯಿರಿ. ಮೈಯ ಮೇಲೆ ತಲೆಕಟ್ಟಿನ ಹಾಳೆ ಇಟ್ಟರೆ ಗ. ಅದನ್ನು ತೆಗೆದು ಇಳಿಯ ಹಾಳೆ ಇಟ್ಟರೆ ಗಾ. ಅದನ್ನೂ ತೆಗೆದು ಗುಡಿಸಿಟ್ಟರೆ ಗಿ. ಅ ಹೋಗಿ ಆ ಬಂತು, ಆ ಹೋಗಿ ಇ ಬಂತು ಎಂಬುದನ್ನು ಮಗು ತನ್ನ ಕೈಯಿಂದಲೇ ಮಾಡುತ್ತದೆ. ಕೊಂಬಿಗೆ ಮಾತ್ರ ತಲೆಕಟ್ಟಿನ ಹಾಳೆ ಇದ್ದಲ್ಲೇ ಇರಬೇಕು, ಅದರ ಮೇಲೆ ಕೊಂಬಿನ ಹಾಳೆ.

ಮಾಡುವಾಗ ಗಮನಿಸಬೇಕಾದವು ಕೆಲವಿವೆ. ಎಲ್ಲ ಕಾರ್ಡುಗಳಲ್ಲೂ ಅಕ್ಷರದ ಮೈ ಒಂದೇ ಎತ್ತರದಲ್ಲಿ ಕೂಡುವಂತೆ ಮೊದಲು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಗುಡಿಸು ಗಾಳಿಯಲ್ಲಿ ತೇಲುತ್ತದೆ. ಜ, ಟ, ಬ, ಲ, ಣ, ಖ ಇವಕ್ಕೆ ಮೊದಲೇ ತಲೆಕಟ್ಟಿಲ್ಲ, ಇವನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಮ, ಯ ಎರಡಕ್ಕೂ ಬಲಗಡೆ ತಮ್ಮದೇ ಬಾಲ ಇರುವುದರಿಂದ ಹಾಳೆ ಸರಿಯಾಗಿ ಕೂಡುವುದಿಲ್ಲ. ಮಿ, ಮೊ, ಯಿ, ಯೊ ಇವನ್ನು ಪೂರ್ತಿಯಾಗಿ ಬರೆದು ಬೇರೆ ಕಾರ್ಡಾಗಿ ಕೊಡಿ. ಪ, ವ ಗಳಿಗೆ ಕೊಂಬು ಕೆಳಗಡೆ ಹತ್ತುತ್ತದೆ, ಪು, ವು. ಮೇಲೆ ಹತ್ತಿಸಿದರೆ ವು ಹೋಗಿ ಮ ದ ಹಾಗೆ ಕಾಣುತ್ತದೆ. ಮಗು ಕೇಳುವ ಮೊದಲೇ ಇದನ್ನು ತೋರಿಸಿಬಿಡುವುದು ಒಳ್ಳೆಯದು.

ಗುರುತುಗಳ ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. "ಬ ಕ್ಕೆ ಇಳಿ ಬಾ, ದ ಕ್ಕೆ ಇಳಿ ದಾ, ಮ ಕ್ಕೆ ಗುಡಿಸು ಮಿ" ಎಂದು ಹೇಳಿಕೊಂಡು ಓದುವ ಮಗು ಬಾದಾಮಿಗೆ ಮುಟ್ಟುವುದೇ ಇಲ್ಲ. ಹೆಸರುಗಳು ಬರೆಯುವಾಗ, ತಿದ್ದುವಾಗ ಬೇಕು. ಓದುವಾಗ ಬರೀ ಧ್ವನಿ. ಹ್ರಸ್ವ-ದೀರ್ಘಕ್ಕೆ ಕೈಸನ್ನೆ ಮಾಡಿ: ಹ್ರಸ್ವಕ್ಕೆ ಒಂದು ಚಿಟಿಕೆ, ದೀರ್ಘಕ್ಕೆ ಎರಡೂ ಕೈ ಅಗಲಿಸುವುದು. ಗಡಿ-ಗಾಡಿ, ಮರ-ಮಾರ, ಸರಿ-ಸಾರಿ, ಬಡಿ-ಬಾಡಿ ಇಂಥ ಜೋಡಿಗಳನ್ನು ಕೈಸನ್ನೆಯೊಂದಿಗೇ ಓದಿಸಿ.

ಬಸ್ ನಿಲ್ದಾಣಕ್ಕೆ ಮತ್ತೆ ಹೋಗುವ ಕಾಲ ಇದು. ಗುಡಿಸು ಬಂದರೆ ರಬಕವಿ, ಇಳಿಯೂ ಬಂದರೆ ಬಾದಾಮಿ, ದೀರ್ಘ ಬಂದರೆ ಬೀಳಗಿ. ಕೊಂಬು, ಏತ್ವ, ಓತ್ವ ಸೇರಿದರೆ ಲೋಕಾಪುರ, ಕೆರೂರ, ಗೋಕಾಕ, ತೇರದಾಳ. ಮುಧೋಳ, ಜಮಖಂಡಿಗಳಲ್ಲಿ ಮಹಾಪ್ರಾಣ ಇದೆ. ಅವು ಅಪರೂಪ, ಅವಸರವಿಲ್ಲ.

ಇನ್ನು ನಮ್ಮ ಸೀಮೆಗೇ ವಿಶೇಷವಾದ ತೊಡಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ವಿವರವಾಗಿ ಹೇಳುತ್ತೇನೆ. ನಮ್ಮ ಮಕ್ಕಳ ಬಾಯಲ್ಲಿ ಇರುವುದು ಮನಿ, ಎಲಿ, ತಲಿ, ಆನಿ, ಕುದರಿ. ಪುಸ್ತಕದಲ್ಲಿ ಇರುವುದು ಮನೆ, ಎಲೆ, ತಲೆ, ಆನೆ, ಕುದುರೆ. ಬಾಯಲ್ಲಿ ಹಾಲ, ನೀರ, ಪುಸ್ತಕದಲ್ಲಿ ಹಾಲು, ನೀರು. ಬಾಯಲ್ಲಿ ಸಾಲಿ, ಪುಸ್ತಕದಲ್ಲಿ ಶಾಲೆ. ಎರಡು ಎಂಬುದು ಯರಡ ಆಗಿರುತ್ತದೆ. ಧ್ವನಿ ಕೂಡಿಸಿ ಓದುವ ಮಗು "ಎ... ಲೆ... ಎಲೆ" ಎಂದು ಸರಿಯಾಗಿ ಓದಿ ಸುಮ್ಮನಾಗುತ್ತದೆ, ಯಾಕೆಂದರೆ ಅಂಥ ಶಬ್ದ ಅದು ಕೇಳಿಯೇ ಇಲ್ಲ. ಓದಿದ್ದು ಸರಿಯಿದ್ದರೂ ಅರ್ಥ ಹುಟ್ಟಲಿಲ್ಲ. ಇನ್ನೊಂದು ಮಗು ಪಕ್ಕದ ಚಿತ್ರ ನೋಡಿ ತಡವಿಲ್ಲದೆ "ಎಲಿ" ಅನ್ನುತ್ತದೆ. ಅರ್ಥ ಸರಿ, ಆದರೆ ಅಕ್ಷರ ಓದಿಲ್ಲ. ಇವೆರಡಕ್ಕೂ ಔಷಧ ಬೇರೆಬೇರೆ, ಮೊದಲನೆಯ ಮಗುವಿಗೆ ಅರ್ಥ ಹೇಳಿಕೊಡಬೇಕು, ಎರಡನೆಯದಕ್ಕೆ ಚಿತ್ರ ಮುಚ್ಚಿ ಅಕ್ಷರ ತೋರಿಸಬೇಕು.

ಯಾವ ಮಗು ಯಾವುದು ಮಾಡುತ್ತಿದೆ ಎಂದು ತಿಳಿಯಲು ಮೂರು ಕಾರ್ಡು ಸಾಕು: ಎಲಿ, ಎಲೆ, ಇಲಿ. ಚಿತ್ರವಿಲ್ಲದೆ, ಕಲೆಸಿ ತೋರಿಸಿ. ಮೂರನ್ನೂ ಮೂರಾಗಿ ಓದಿದರೆ ಮಗು ನಿಜವಾಗಿ ಓದುತ್ತಿದೆ. ಆಮೇಲೆ ಎರಡು ಡಬ್ಬಿ ಇಟ್ಟು ಆಡಿಸಿ, ಒಂದು ಮನಿಮಾತಿನ ಡಬ್ಬಿ, ಇನ್ನೊಂದು ಪುಸ್ತಕದ ಮಾತಿನ ಡಬ್ಬಿ. ತಲಿ ಈ ಡಬ್ಬಿಗೆ, ತಲೆ ಆ ಡಬ್ಬಿಗೆ. "ಪುಸ್ತಕದಾಗ ಕುದುರೆ ಅಂತಾರ, ನಾವು ಕುದರಿ ಅಂತೀವಿ" ಎಂದು ಹೇಳಿದರೆ ಐದು ವರ್ಷದ ಮಗುವಿಗೆ ಪೂರ್ತಿ ಅರ್ಥವಾಗುತ್ತದೆ. ಕೆಲವು ದಿನಗಳಲ್ಲಿ ಮಗುವೇ ಪದದ ಕೊನೆಯ ಎ ನಮ್ಮ ಬಾಯಲ್ಲಿ ಇ ಆಗುತ್ತದೆಂದು ಕಂಡುಕೊಂಡು, ಕೇಳದ ಶಬ್ದ ಬಂದರೂ ತಾನೇ ತಿರುಗಿಸಿ ಅರ್ಥ ಹಿಡಿಯುತ್ತದೆ. ಊರಿನ ಹೆಸರನ್ನೇ ನೋಡಿ: ಬೋರ್ಡಿನಲ್ಲಿ ಬಾಗಲಕೋಟೆ, ನಮ್ಮ ಬಾಯಲ್ಲಿ ಬಾಗಲಕೋಟಿ.

ದಯವಿಟ್ಟು "ಮನಿ ಅಲ್ಲ, ಮನೆ ಅನ್ನು" ಎಂದು ಮಗುವಿನ ಮಾತನ್ನು ತಿದ್ದಬೇಡಿ. ಆಯಿಯ ಬಾಯಿಂದ ಬಂದ ಮಾತು ತಪ್ಪೆಂದು ಕೇಳಿದ ಮಗು ಓದುವಾಗ ದನಿ ತಗ್ಗಿಸುತ್ತದೆ, ಆಮೇಲೆ ಬಾಯಿಯನ್ನೇ ತೆರೆಯುವುದಿಲ್ಲ. ತಾನಾಗಿ ಬರೆಯತೊಡಗಿದಾಗ "ಆಯಿ ನೀರ ತಂದಳ" ಎಂದು ಬರೆದರೆ ಹಾಗೆಯೇ ಇರಲಿ. ಕೇಳಿದ ಪ್ರತಿ ಧ್ವನಿಗೂ ಮಗು ಅಕ್ಷರ ಹುಡುಕಿದೆ. ಈ ವಯಸ್ಸಿಗೆ ಅದಕ್ಕಿಂತ ಹೆಚ್ಚೇನೂ ಬೇಡ.

ಇಂಗ್ಲಿಷ್ ಮಾಧ್ಯಮದ ಯುಕೆಜಿಗೆ ಹೋಗುವ ಮಕ್ಕಳಿಗೆ ಶಾಲೆಯಲ್ಲಿ ಫೋನಿಕ್ಸ್ ಎಂದು ಇಂಗ್ಲಿಷ್ ಧ್ವನಿಗಳನ್ನು ಕಲಿಸುತ್ತಾರೆ, ಸಾಮಾನ್ಯವಾಗಿ ಎಸ್, ಎ, ಟಿ, ಪಿ, ಐ, ಎನ್ ಇವುಗಳಿಂದ ಶುರು. ಇಲ್ಲಿ ಕನ್ನಡದ ಅಭ್ಯಾಸ ಒಂದು ಕಡೆ ಅಡ್ಡ ಬರುತ್ತದೆ. ನಮ್ಮ ಅಕ್ಷರದಲ್ಲಿ ಅ ಕಾರ ಅಡಗಿರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ಇರುವುದಿಲ್ಲ. ಪಿ ಗೆ "ಪ", ಎನ್ ಗೆ "ನ" ಎಂದು ಕಲಿತ ಮಗು ಪಿನ್ ಅನ್ನು "ಪ-ಇ-ನ" ಎಂದು ಕೂಡಿಸಲು ಹೋಗಿ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಅರ್ಧಾಕ್ಷರ ಇದೆಯಲ್ಲ, ಅದನ್ನೇ ಬಳಸಿ: ಪ್, ಇ, ನ್. ದನಿ ಬಾಯಿಂದ ಹೊರಬಿದ್ದ ತಕ್ಷಣ ಕತ್ತರಿಸಬೇಕು. ಎರಡೂ ಭಾಷೆಯನ್ನು ಒಂದೇ ವಾರ ಮನೆಯಲ್ಲಿ ಶುರು ಮಾಡಬೇಡಿ. ಕಾಗುಣಿತದ ತರ್ಕ ಹಿಡಿದ ಮಗು ಇಂಗ್ಲಿಷಿಗೆ ಬೇಗ ಬರುತ್ತದೆ. ಇಂಗ್ಲಿಷ್ ಪದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಡುವ ರೂಢಿಯನ್ನಂತೂ ಬಿಟ್ಟುಬಿಡಿ, ಮಗು ಓದುವುದು ಕನ್ನಡವನ್ನಷ್ಟೇ.

ಸಂಕ್ರಮಣದ ಆಸುಪಾಸಿನಲ್ಲಿ ಅನುಸ್ವಾರ ಮತ್ತು ಒತ್ತಕ್ಷರ. ಸೊನ್ನೆಗೆ ಮೂಗಿನ ಮೇಲೆ ಬೆರಳಿಟ್ಟು ಹೇಳಿಸಿದರೆ ಸಾಕು: ಅಂಗಡಿ, ಗಂಟೆ, ಬಂದ, ತುಂಬ. ನಾಲ್ಕರಲ್ಲೂ ಸೊನ್ನೆಯ ದನಿ ಬೇರೆ, ಆದರೆ ಮುಂದಿನ ಅಕ್ಷರ ಅದನ್ನು ತಾನೇ ಎಳೆದುಕೊಳ್ಳುತ್ತದೆ, ವಿವರಣೆ ಬೇಕಿಲ್ಲ. ಹುನಗುಂದ, ನರಗುಂದ, ಕೂಡಲಸಂಗಮ ಆಗ ಸರಾಗವಾಗಿ ಬರುತ್ತವೆ. ಒತ್ತಿಗೆ ಮನೆಯವರಿಂದಲೇ ಶುರು ಮಾಡಿ: ಅವ್ವ, ಅಪ್ಪ, ಅಜ್ಜ, ಅಕ್ಕ, ಅಣ್ಣ. "ಅಪ್" ಎಂದು ತುಟಿ ಮುಚ್ಚಿ ಒಂದು ಕ್ಷಣ ನಿಂತು "ಪ" ಎಂದು ಬಿಡುವುದು. ಮಗ-ಮಗ್ಗ, ಹಳಿ-ಹಳ್ಳಿ, ಕತೆ-ಕತ್ತೆ ಜೋಡಿಗಳಲ್ಲಿ ಆ ನಿಲುಗಡೆ ಕಿವಿಗೆ ಸ್ಪಷ್ಟವಾಗುತ್ತದೆ. ಹೆಚ್ಚಿನ ಒತ್ತುಗಳು ಅಕ್ಷರದ ಮೈಯಂತೆಯೇ ಕಾಣುತ್ತವೆ. ತ, ನ, ಮ, ಯ, ರ, ಲ ಗಳ ಒತ್ತು ಮಾತ್ರ ಬೇರೆ ಆಕಾರ, ಅವಕ್ಕೆ ಪ್ರತ್ಯೇಕ ಕಾರ್ಡು ಬೇಕು.

ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು. ರಾಮದುರ್ಗದ ಬೋರ್ಡನ್ನು ಮಕ್ಕಳು "ರಾಮದುಗರ" ಎಂದು ಓದುತ್ತಾರೆ. ಅವರ ತಪ್ಪಿಲ್ಲ, ಕಣ್ಣಿಗೆ ಮೊದಲು ಗ, ಆಮೇಲೆ ರ ದ ಗುರುತು. ಬಾಯಿಗೆ ಮಾತ್ರ ರ್ ಮೊದಲು. ಆ ಗುರುತನ್ನು ಕೆಂಪಿನಲ್ಲಿ ಬರೆದು, ಅದರಿಂದ ಹಿಂದಿನ ಅಕ್ಷರದ ಎಡಕ್ಕೆ ಹಾರುವ ಬಾಣ ಹಾಕಿ ಸೂರ್ಯ, ದುರ್ಗ, ಕರ್ನಾಟಕ ಓದಿಸಿ. ಬಾಣವಿಲ್ಲದೆ ಓದಲು ಸ್ವಲ್ಪ ಕಾಲ ಹಿಡಿಯುತ್ತದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋದರೆ ನಾಟಕ ಕಂಪನಿಗಳ ಬೋರ್ಡುಗಳಲ್ಲಿ ಇಂಥ ಪದಗಳು ಬೇಕಾದಷ್ಟು ಸಿಗುತ್ತವೆ. ಅಲಂಕಾರದ ಅಕ್ಷರಗಳನ್ನು ಬಿಟ್ಟು, ನೇರವಾಗಿ ಬರೆದವನ್ನು ಆರಿಸಿ.

ಖರ್ಚು ಹೇಳಬೇಕೆಂದರೆ ಪಾಟಿ, ಬಳಪ, ಕಪ್ಪು-ಕೆಂಪು ಮಾರ್ಕರ್, ಪ್ಲಾಸ್ಟಿಕ್ ಹಾಳೆ, ರವೆ ಎಲ್ಲ ಸೇರಿ 300 ರೂಪಾಯಿ ದಾಟಲಿಲ್ಲ. ಓದಲು ಕತೆಗಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಹಂತವಾರು ಕನ್ನಡ ಕತೆಗಳು ಪುಕ್ಕಟೆಯಾಗಿ ಸಿಗುತ್ತವೆ. ಒಂದನೇ ಹಂತದವನ್ನು ಇಳಿಸಿಕೊಂಡು ಮುದ್ರಿಸಿ. ಮೊಬೈಲಿನಲ್ಲೇ ಓದಿಸಿದರೆ ಮಗುವಿನ ಬೆರಳು ಸಾಲಿನ ಮೇಲೆ ನಿಲ್ಲದೆ ಪರದೆ ಸರಿಸಲು ಹೋಗುತ್ತದೆ.

ಎಲ್ಲ ಮಕ್ಕಳೂ ಇದೇ ವೇಗದಲ್ಲಿ ಬರುವುದಿಲ್ಲ. ಆರು ತುಂಬುವವರೆಗೆ ನಿಧಾನವಾದರೆ ಚಿಂತೆ ಬೇಡ. ಏಳು ತುಂಬಿದ ಮೇಲೂ ಪ್ರಾಸ ಹಿಡಿಯಲು ಆಗದಿದ್ದರೆ, ನಿನ್ನೆ ಓದಿದ ಅಕ್ಷರ ಇಂದು ಹೊಸದಾಗಿಯೇ ಕಂಡರೆ, ಮನೆಯಲ್ಲಿ ಓದಿನ ತೊಂದರೆ ಇದ್ದವರು ಮೊದಲೇ ಇದ್ದರೆ ತಜ್ಞರಿಗೆ ತೋರಿಸುವುದು ಒಳ್ಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಲಿಕೆಯ ತೊಂದರೆಗಳನ್ನು ಪರೀಕ್ಷಿಸುತ್ತಾರೆ, ಬಾಗಲಕೋಟೆಯಿಂದ ಮೈಸೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರವಾಗಿ ಹೋಗುತ್ತದೆ. ಹೋಗುವಾಗ ಕಿವಿ-ಕಣ್ಣಿನ ತಪಾಸಣೆಯ ಚೀಟಿ, ಮಗುವಿನ ಆಧಾರ್, ಶಾಲೆಯ ಪ್ರಗತಿಪತ್ರ, ದಿನಾಂಕ ಹಾಕಿದ ಮಗುವಿನ ಬರವಣಿಗೆಯ ಹಾಳೆಗಳು ಜತೆಗಿರಲಿ. ಮನೆಯಲ್ಲಿ ಯಾವ ಮಾತು, ಶಾಲೆಯಲ್ಲಿ ಯಾವ ಮಾತು ಎಂಬುದನ್ನೂ ಒಂದು ಕಾಗದದಲ್ಲಿ ಬರೆದೊಯ್ಯಿರಿ. ನಮ್ಮ ಕಡೆಯ ಮಗು "ಮನಿ" ಅಂದದ್ದನ್ನು ಅಲ್ಲಿ ಯಾರಾದರೂ ಓದಿನ ತಪ್ಪೆಂದು ಎಣಿಸದಿರಲು ಅದು ಬೇಕಾಗುತ್ತದೆ.